ನೆಲಮಾಳಿಗೆಯಿಂದ ಬಂದ ಕೊಕ್ಕೆ ಕೋಲು

"ಅದನ್ನು ಎಸೆಯುವುದು ಬೇಡ" ಎಂದು ಶನಿವಾರ ನಾನು ಬೇಕಾದ್ದಕ್ಕಿಂತ ಗಟ್ಟಿಯಾಗಿಯೇ ಹೇಳಿಬಿಟ್ಟೆ. ಪಕ್ಕದ ಮನೆಯ ಅಜ್ಜಿಯ ಅಳಿಯ ನನ್ನನ್ನೇ ನೋಡಿದ. ನಮ್ಮ ಮನೆಯ ಸಾಮಾನಿನ ವಿಷಯದಲ್ಲಿ ಬಾಯಿ ಹಾಕಲು ಇವನು ಯಾರು ಎಂದು ಆ ನೋಟವೇ ಕೇಳುತ್ತಿತ್ತು. ಕೇಳಲಿ. ಬೆಳಗಿನಿಂದ ನೆಲಮಾಳಿಗೆಯ ಮೆಟ್ಟಿಲು ಹತ್ತಿ ಇಳಿದು ಸಾಮಾನು ಹೊತ್ತವನು ನಾನು. ಅವನು ಮೇಲೆ ನಿಂತು ಇದು ಮಾರುವುದಕ್ಕೆ, ಇದು ಕಸಕ್ಕೆ ಎಂದು ವಿಂಗಡಿಸುತ್ತಿದ್ದ. ರೇಸ್ ದೋಣಿಗಳ ಹಳೆಯ ಭಿತ್ತಿಪತ್ರಗಳು ಮಾರುವ ಗುಂಪಿಗೆ ಸೇರಿದವು. ಕೊಕ್ಕೆ ಕೋಲು ಕಸದ ಗುಂಪಿಗೆ ಹೋಯಿತು.

ಕೋಲು ಸುಮಾರು ಎರಡಾಳು ಉದ್ದವಿದೆ. ಮರ ಬೂದು ಬಣ್ಣಕ್ಕೆ ತಿರುಗಿದೆ, ಕೈ ಹಿಡಿಯುವ ಎರಡು ಜಾಗ ಮಾತ್ರ ಸವೆದು ಕಪ್ಪಗೆ ಹೊಳೆಯುತ್ತವೆ. ತುದಿಯಲ್ಲಿ ಕಬ್ಬಿಣದ ಮೊನೆ, ಮೊನೆಯ ಪಕ್ಕದಲ್ಲಿ ಬಾಗಿದ ಕೊಕ್ಕೆ. ಕೊಕ್ಕೆಯ ಕೆಳಗೆ ಒಂದು ಗೇಣಿನಷ್ಟು ಬಿಳಿ ಬಣ್ಣ ಬಳಿದಿದ್ದಾರೆ. "ಕತ್ತಲಲ್ಲಿ ತುದಿ ಎಲ್ಲಿದೆ ಎಂದು ಕಾಣಬೇಕಲ್ಲ" ಎಂದರು ಅಜ್ಜಿ. ಅವರ ಗಂಡ ತೀರಿಕೊಂಡು ಕೆಲವು ವರ್ಷಗಳಾಗಿವೆ. ಜೀವನವಿಡೀ ಸೇನ್ ನದಿಯ ಸರಕು ದೋಣಿಗಳಲ್ಲಿ ದುಡಿದವರು.

ನಾವಿರುವುದು ಫ್ರಾನ್ಸಿನ ರುವಾಂ ನಗರದ ನಡುವೆ, ನದಿಯ ಮಧ್ಯದ ಲಾಕ್ರುವಾ ದ್ವೀಪದಲ್ಲಿ. ಉದ್ಯೋಗ ನನ್ನನ್ನು ಇಲ್ಲಿಗೆ ತಂದಿತು. ಮೋಟಾರು ದೋಣಿಗಳ 24 ಗಂಟೆಗಳ ರೇಸ್ 1964ರಲ್ಲಿ ಆರಂಭವಾದದ್ದು ಇದೇ ದ್ವೀಪದ ಸುತ್ತ ಎಂಬುದು ಮನೆ ಹಿಡಿಯುವಾಗ ನನಗೆ ತಿಳಿದಿರಲಿಲ್ಲ. ಮೇ ತಿಂಗಳ ಮೊದಲ ದಿನದ ಆಸುಪಾಸಿನಲ್ಲಿ, ಕೊರ್ನೇಯ್ ಸೇತುವೆಯ ಕಮಾನುಗಳ ಕೆಳಗೆ ಹಾದು, ಒಂದು ಕವಲಿನಲ್ಲಿ ಮೇಲಕ್ಕೆ ಹೋಗಿ ಇನ್ನೊಂದರಲ್ಲಿ ಕೆಳಕ್ಕೆ ಬರುವ ಓಟ. ಒಂದೊಂದು ದೋಣಿಯನ್ನೂ ಹಲವು ಚಾಲಕರು ಸರದಿಯಲ್ಲಿ ನಡೆಸುತ್ತಿದ್ದರು. ಪ್ಯಾರಿಸ್‌ನಲ್ಲೂ ಇದೇ ನದಿಯ ಮೇಲೆ ಆರು ಗಂಟೆಗಳ ರೇಸ್ ನಡೆಯುತ್ತಿತ್ತು. ಅಜ್ಜಿಗೆ ಅದರ ಮೇಲೆ ಗೌರವವಿಲ್ಲ. ಊಟದ ಹೊತ್ತಿಗೆ ಮುಗಿಯುವುದು ರೇಸೇ ಅಲ್ಲ ಎನ್ನುತ್ತಾರೆ.

ಆ ರಾತ್ರಿಗಳಲ್ಲಿ ನಿದ್ದೆ ಹೇಗೆ ಬರುತ್ತಿತ್ತು ಎಂದು ನಾನು ಕೇಳಿದೆ. ಎರಡೂ ಕಡೆ ನೀರು, ಎರಡೂ ಕಡೆ ಎಂಜಿನ್‌ಗಳು. ಪೆಟ್ರೋಲಿಗೆ ಎಣ್ಣೆ ಬೆರೆಸಿ ಓಡಿಸುವ ಟೂ ಸ್ಟ್ರೋಕ್ ಎಂಜಿನ್‌ಗಳ ಕಾಲ ಅದು. ಹೊಗೆ ಕಿಟಕಿಯಿಂದ ಒಳಗೆ ಬರುತ್ತಿದ್ದಿರಬೇಕು. ಅಜ್ಜಿ ಕೈಯಲ್ಲಿದ್ದ ಗಾಜಿನ ಭರಣಿಯನ್ನು ಒರೆಸುತ್ತಲೇ ಹೇಳಿದರು: "ಸದ್ದಿಗೆ ನಿದ್ದೆ ಬರುತ್ತಿತ್ತು. ಸದ್ದು ನಿಂತರೆ ಎಚ್ಚರವಾಗುತ್ತಿತ್ತು."

ಅಷ್ಟು ಹೇಳಿ ಭರಣಿಯನ್ನು ಪೆಟ್ಟಿಗೆಗೆ ಹಾಕಿದರು. ಆಮೇಲೆ ಹೇಳಿದ್ದನ್ನು ನಾನು ಕೇಳಿ ಕೇಳಿ ಹೊರಡಿಸಬೇಕಾಯಿತು. ಎಲ್ಲ ಎಂಜಿನ್‌ಗಳೂ ಒಟ್ಟಿಗೆ ನಿಂತವೆಂದರೆ ರೇಸ್ ತಡೆದಿದ್ದಾರೆ ಎಂದರ್ಥ. ತಡೆದಿದ್ದಾರೆಂದರೆ ಯಾರೋ ನೀರಿನಲ್ಲಿದ್ದಾರೆ. ದ್ವೀಪದ ಮನೆಗಳಲ್ಲಿ ಒಂದೊಂದಾಗಿ ದೀಪ ಹತ್ತುತ್ತಿದ್ದವಂತೆ. ಅಜ್ಜಿ ಕಿಟಕಿಯಲ್ಲಿ ನಿಂತಿರುತ್ತಿದ್ದರು, ಚಾಲಕರಿಗಾಗಿ ಅಲ್ಲ. ಅವರ ಗಂಡ ಸಣ್ಣ ದೋಣಿಯಲ್ಲಿ ಇದೇ ಕೋಲು ಹಿಡಿದು ನದಿಯ ಮೇಲೆಯೇ ಇರುತ್ತಿದ್ದರು.

ಅವರ ಕೆಲಸ ನೀರಿನಲ್ಲಿ ತೇಲುವ ಮರದ ತುಂಡುಗಳನ್ನು ಎಳೆದು ತೆಗೆಯುವುದು. ಕೇಳಿದರೆ ಸಣ್ಣ ಕೆಲಸ ಅನ್ನಿಸುತ್ತದೆ. ಗಂಟೆಗೆ 100 ಕಿಲೋಮೀಟರ್ ಮೀರಿ ಓಡುವ ಹಗುರ ದೋಣಿಗೆ ಅರ್ಧ ಮುಳುಗಿದ ಒಂದು ಕೊಂಬೆ ಸಾಕು. ಅದರಲ್ಲೂ ಎರಡು ಒಡಲಿನ ಕ್ಯಾಟಮರಾನ್ ಮಾದರಿಯ ದೋಣಿಗಳು ಬಂದ ಮೇಲೆ ಅಪಾಯದ ರೂಪವೇ ಬದಲಾಯಿತು. ಇಟಲಿಯ ಕೋಮೊ ಸರೋವರದ ಆಂಜೆಲೊ ಮೊಲಿನಾರಿ ಯೂರೋಪಿನಲ್ಲಿ ಅಂಥ ದೋಣಿ ಕಟ್ಟಿದವರಲ್ಲಿ ಮೊದಲಿಗರು. ಅವರ ಮಗ ರೆನಾತೊ 1981ರಲ್ಲಿ ಫಾರ್ಮುಲಾ ಒನ್ ಮೋಟಾರು ದೋಣಿಗಳ ವಿಶ್ವ ಚಾಂಪಿಯನ್ ಆದರು. ಇಂಥ ದೋಣಿಯ ಎರಡು ಒಡಲುಗಳ ನಡುವಿನ ಸುರಂಗದಲ್ಲಿ ಗಾಳಿ ನುಗ್ಗಿ ದೋಣಿಯನ್ನು ಮೇಲಕ್ಕೆತ್ತುತ್ತದೆ, ನೀರಿನ ತಡೆ ಕಡಿಮೆಯಾಗಿ ವೇಗ ಹೆಚ್ಚುತ್ತದೆ. ಮೂತಿ ಸ್ವಲ್ಪ ಹೆಚ್ಚಿಗೆ ಎದ್ದರೆ ಅದೇ ಗಾಳಿ ದೋಣಿಯನ್ನು ಮಗುಚಿ ಹಾಕುತ್ತದೆ. ತೆರೆದ ಸರೋವರದಲ್ಲಾದರೆ ಅಲೆಗಳು ಚದುರಿ ಸಾಯುತ್ತವೆ. ಇಲ್ಲಿ ಎರಡೂ ದಡಕ್ಕೆ ಕಲ್ಲಿನ ಗೋಡೆ. ಒಂದು ದೋಣಿ ಎಬ್ಬಿಸಿದ ಅಲೆ ಗೋಡೆಗೆ ಬಡಿದು ಹಿಂದಿರುಗಿ ಮುಂದಿನ ದೋಣಿಯ ಹೊಟ್ಟೆಗೆ ಗುದ್ದುತ್ತದೆ.

ನನ್ನನ್ನು ಹೆಚ್ಚು ಕಾಡಿದ್ದು ಬೇರೆ ಒಂದು ಸಂಗತಿ. ಸಮುದ್ರದಿಂದ ಸುಮಾರು 120 ಕಿಲೋಮೀಟರ್ ಒಳಗಿದ್ದರೂ ರುವಾಂನಲ್ಲಿ ಸೇನ್ ಸಮುದ್ರದ ಮಾತು ಕೇಳುತ್ತದೆ. ಭರತ ಬಂದಾಗ ನೀರು ಏರುತ್ತದೆ, ಹರಿವೇ ಹಿಂದಕ್ಕೆ ತಿರುಗುತ್ತದೆ. ಇನ್ನೂ ಮೇಲೆ, ಪೋಝ್ ಎಂಬಲ್ಲಿನ ಅಣೆಕಟ್ಟಿನವರೆಗೂ ಅದರ ಪ್ರಭಾವವಿದೆ. ಹೀಗಾಗಿ ಸಂಜೆ ಕೆಳಕ್ಕೆ ತೇಲಿಹೋದ ಕೊಂಬೆ ಹೋಯಿತೆಂದು ಲೆಕ್ಕಕ್ಕೆ ಬಿಡುವಂತಿಲ್ಲ. ನಡುರಾತ್ರಿ ಅದೇ ಕೊಂಬೆ ಎದುರಿನಿಂದ ಬರುತ್ತದೆ. ಅಜ್ಜಿಯ ಗಂಡ ಕೆಲವು ದಿಮ್ಮಿಗಳನ್ನು ಗುರುತಿಟ್ಟುಕೊಂಡು ಕಾಯುತ್ತಿದ್ದರಂತೆ. ಚಾಲಕನಿಗೆ ಸರದಿ ಮುಗಿದರೆ ವಿಶ್ರಾಂತಿ ಇತ್ತು. ಈ ಮನುಷ್ಯ ಬೆಳಗಿನವರೆಗೂ ನೀರನ್ನೇ ನೋಡುತ್ತಿದ್ದರು. ಯಾವ ಭಿತ್ತಿಪತ್ರದಲ್ಲಿಯೂ ಇಂಥವರಿಲ್ಲ. ಅದಕ್ಕೇ ಅಳಿಯನ ವಿಂಗಡಣೆ ನನ್ನ ಮೈ ಉರಿಸಿದ್ದು. ಅವನು ಕೆಟ್ಟವನಲ್ಲ, ಆದರೆ ಬೆಲೆ ಕಟ್ಟಲು ಬರುವ ವಸ್ತುಗಳನ್ನು ಮಾತ್ರ ನೋಡಬಲ್ಲ.

ಊಟಕ್ಕೆ ಕುಳಿತಾಗ ಅವನು ರೇಸಿನ ವಿರುದ್ಧವೇ ಮಾತು ತೆಗೆದ. ಎಣ್ಣೆ, ಹೊಗೆ, ಗದ್ದಲ, ನಿಷ್ಕಾರಣ ಸಾವು. ಕಾರ್ ರೇಸಿನಲ್ಲಿ ಕಾಲು ನುಜ್ಜುಗುಜ್ಜಾದ ಮೇಲೂ ಸುಮ್ಮನಿರದೆ ಮೋಟಾರು ದೋಣಿಗೆ ಬಂದ ದಿದಿಯೆ ಪಿರೋನಿ 1987ರಲ್ಲಿ ಇಂಗ್ಲೆಂಡಿನ ವೈಟ್ ದ್ವೀಪದ ಬಳಿ ಸಂಗಡಿಗರಿಬ್ಬರೊಂದಿಗೆ ಸತ್ತದ್ದನ್ನು ಎತ್ತಿ ಹೇಳಿದ. ಅಲ್ಲಿ ಮುಳುವಾದದ್ದು ಒಂದು ಹಡಗು ಎಬ್ಬಿಸಿದ ಅಲೆ. ಅವನ ಒಂದು ಮಾತನ್ನೂ ನಾನು ತಳ್ಳಿಹಾಕಲಾರೆ. ನದಿಗೆ ಇಳಿಯುವ ಮುನ್ನ ನೀರು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಬೇಕೆಂದು ಕಲಿಸಿದ ಮನೆಯಲ್ಲಿ ಬೆಳೆದವನು ನಾನು. ಈ ನದಿಯೂ ಅಂಥ ನೆನಪುಗಳಿಂದ ಹೊರತಲ್ಲ. 1431ರಲ್ಲಿ ಈ ಊರಿನ ಚೌಕದಲ್ಲಿ ಜೋನ್ ಆಫ್ ಆರ್ಕ್‌ಳನ್ನು ಸುಟ್ಟು ಬೂದಿಯನ್ನು ಸೇನ್‌ಗೇ ಎಸೆದರು. ಅಂಥ ನೀರಿನ ಮೇಲೆ 24 ಗಂಟೆ ಎಂಜಿನ್ ಓಡಿಸುವುದು ನನ್ನ ಮನಸ್ಸಿಗೆ ಒಗ್ಗುವುದಿಲ್ಲ.

ಆದರೂ ಸೋಮವಾರ ಕಚೇರಿಯ ಸಭೆಯಲ್ಲಿ ಕುಳಿತಿದ್ದಾಗ ಅಜ್ಜಿಯ ಮಾತೇ ಕಿವಿಯಲ್ಲಿತ್ತು. ಸದ್ದು ನಿಂತರೆ ಎಚ್ಚರವಾಗುತ್ತಿತ್ತು. ಒಂದು ಇಡೀ ದ್ವೀಪ, ಹೆಸರೂ ಗೊತ್ತಿಲ್ಲದ ಯಾರೋ ಚಾಲಕನಿಗಾಗಿ, ನಿದ್ದೆಯಲ್ಲೂ ಕಿವಿ ತೆರೆದಿಟ್ಟುಕೊಂಡಿತ್ತು. ನಾನು ಇದೇ ದ್ವೀಪದಲ್ಲಿ ಎರಡು ಪದರ ಗಾಜಿನ ಕಿಟಕಿ ಮುಚ್ಚಿ ಮಲಗುತ್ತೇನೆ. ಮೇಲಿನ ಮನೆಯವರು ಇದ್ದಾರೋ ಊರಿಗೆ ಹೋಗಿದ್ದಾರೋ ನನಗೆ ತಿಳಿಯುವುದಿಲ್ಲ. ಗದ್ದಲವಿಲ್ಲದ ಊರು ಒಳ್ಳೆಯದು ಎಂದು ನಂಬಿದ್ದೆ, ಈಗಲೂ ನಂಬುತ್ತೇನೆ. ಆದರೆ ಆ ಕಿಟಕಿಗಳಲ್ಲಿ ಒಂದೊಂದಾಗಿ ಹತ್ತಿದ ದೀಪಗಳನ್ನು ನಾವು ಯಾವ ನಿಯಮದಿಂದ ಮರಳಿ ತರುತ್ತೇವೆ? ಗದ್ದಲದ ಜೊತೆಗೆ ಅವೂ ಹೋದವೇ, ಅಥವಾ ಅವು ಮೊದಲೇ ಆರಿದ್ದವೇ?

ಬುಧವಾರ ಸಂಜೆ ಅಜ್ಜಿ ಬಾಗಿಲು ತಟ್ಟಿದರು. ಕೋಲು ನನ್ನ ಮನೆಯಲ್ಲೇ ಇರಲಿ, ಅಳಿಯನ ಕೈಗೆ ಸಿಗುವುದು ಬೇಡ ಎಂದರು. ನಾನು ಅದನ್ನು ಮೆಟ್ಟಿಲ ಗೋಡೆಗೆ ಒರಗಿಸುತ್ತಿದ್ದಾಗ ಹಿಂದಿನಿಂದ ಕೇಳಿದರು: "ನಿಮ್ಮೂರಿನ ನದಿಯಲ್ಲಿ ಇಂಥ ರೇಸ್ ಮಾಡುತ್ತೇವೆಂದರೆ ಒಪ್ಪುತ್ತೀರಾ?"

"ಇಲ್ಲ" ಎಂದೆ, ಯೋಚಿಸದೆ.

"ನನ್ನ ಗಂಡನೂ ಒಪ್ಪಿರಲಿಲ್ಲ. ನದಿ ಇರುವುದು ದುಡಿಮೆಗೆ, ಇವರ ಆಟಕ್ಕಲ್ಲ ಎಂದು ಮೊದಲ ವರ್ಷ ದಡದಲ್ಲಿ ನಿಂತು ಬೈದಿದ್ದರು. ಬೈಯುತ್ತಿರುವಾಗಲೇ ನೀರಿನಲ್ಲಿ ಒಂದು ದಿಮ್ಮಿ ಕಂಡಿತು. ಮುಂದಿನ ವರ್ಷ ಈ ಕೋಲು ಮಾಡಿಸಿಕೊಂಡು ಬಂದರು."