ಪೇಶೆಂಟ್ ಪಕ್ಕ ಕೂತವ್ರನ್ನ ಯಾರು ಕೇಳ್ತಾರೆ?

ನರ್ಸಿಂಗ್ ರಿಸರ್ಚ್ ಅಂದ್ರೆ ಎಂಎಸ್ಸಿ ಮುಗಿಸೋಕೆ ಬರೆಯೋ ಥೀಸಿಸ್ ಅಷ್ಟೇ, ಆಮೇಲೆ ಲೈಬ್ರರಿ ಬೀರುವಲ್ಲಿ ಧೂಳು ತಿನ್ನುತ್ತೆ ಅಂತ ನಮ್ ನರ್ಸ್‌ಗಳೇ ನಗ್ತಾರೆ. ಪೂರ್ತಿ ಸುಳ್ಳೇನಲ್ಲ ಬಿಡಿ. ಅಟೆಂಡರ್‌ಗಳ, ಅಂದ್ರೆ ಪೇಶೆಂಟ್ ಜೊತೆ ಇದ್ದು ನೋಡ್ಕೊಳೋ ಮನೆಯವ್ರ ಕಷ್ಟ ಅಳೀಬೇಕು ಅಂದ್ರೆ ನಮ್ಮಲ್ಲಿ ಎಷ್ಟೋ ಜನ ಕೈ ಹಾಕೋದು ಜ಼ರಿಟ್ ಸ್ಕೇಲ್ ಅನ್ನೋ ಪ್ರಶ್ನೆಪಟ್ಟಿಗೆ, 22 ಪ್ರಶ್ನೆ, ಒಂದೊಂದಕ್ಕೂ ಸೊನ್ನೆಯಿಂದ 4ರ ತನಕ ಮಾರ್ಕ್ಸು, ಒಟ್ಟು 88, ಮಾರ್ಕ್ಸ್ ಹೆಚ್ಚಿದ್ದಷ್ಟೂ ಕಷ್ಟ ಹೆಚ್ಚು. ಈಗ ಹಾಸಿಗೆ ಮೇಲೆ ಅತ್ತೆ ಮಲಗಿದಾರೆ, ಪಕ್ಕದಲ್ಲೇ ಕೂತಿರೋ ಸೊಸೆನ "ಇವ್ರನ್ನ ನೋಡ್ಕೊಳೋದ್ರಿಂದ ನಿಮಗೆ ಬೇಜಾರಾಗುತ್ತಾ ಅಮ್ಮಾ" ಅಂತ ಕೇಳಿದ್ರೆ ಏನ್ ಹೇಳ್ತಾರೆ ಹೇಳಿ? "ಅಯ್ಯೋ ಹಂಗೇನಿಲ್ಲ ಸಿಸ್ಟರ್, ನಮ್ ಕರ್ತವ್ಯ ಅಲ್ವಾ." ಹಾಕು ಸೊನ್ನೆ.

ಅದಕ್ಕೇ ನಂಗೆ ಶೈಲಾ ಪೈ ಮತ್ತೆ ಆರ್.ಎಲ್. ಕಪೂರ್ 1981ರಲ್ಲಿ ಪ್ರಕಟಿಸಿದ ಸಂದರ್ಶನದ ಪಟ್ಟಿ ಇಷ್ಟ, ಇದು ನಮ್ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೇ ಹುಟ್ಟಿದ್ದು, ಮಾನಸಿಕ ಕಾಯಿಲೆ ಇರೋರ ಮನೆಯವ್ರಿಗೋಸ್ಕರ ಮಾಡಿದ್ದು. ಅದ್ರಲ್ಲಿ ಬೇಜಾರಿನ ಮಾತಿಂದ ಶುರು ಮಾಡಲ್ಲ. ದುಡಿಮೆ ತಪ್ಪಿತಾ, ಸಾಲ ಮಾಡಿದ್ರಾ, ಮನೇಲಿ ಉಳಿದವ್ರ ಕಡೆ ಗಮನ ಕಮ್ಮಿ ಆಯ್ತಾ, ಮನೇಲಿ ಜಗಳ ಹೆಚ್ಚಾಯ್ತಾ, ಯಾರಿಗಾದ್ರೂ ನಿದ್ದೆ ಹೋಯ್ತಾ, ಹಿಂಗೆ ಹೋಗುತ್ತೆ, ಮಾರ್ಕ್ಸ್ ಹಾಕೋದು ಕೇಳೋರು. ಈ ಕಾಯಿಲೆಯಿಂದ ನೀವು ಎಷ್ಟು ಅನುಭವಿಸಿದೀರಿ ಅನ್ನೋದು ಕೊನೇಲಿ ಮಾತ್ರ. ಸಾಲದ ಲೆಕ್ಕ ಹೇಳೋಕೆ ಶುರು ಮಾಡಿದವ್ರು ಉಳಿದಿದ್ದನ್ನ ತಾವಾಗೇ ಹೇಳ್ತಾರೆ, ವಾರ್ಡಲ್ಲಿ ಇದ್ದವ್ರಿಗೆಲ್ಲ ಗೊತ್ತು.

ಆದ್ರೆ ನನ್ನ ತಕರಾರು ಬೇರೆ. ನರ್ಸ್‌ಗಳ ಸುಸ್ತು ಒಂದು ಥೀಸಿಸ್, ಮನೆಯವ್ರ ಕಷ್ಟ ಇನ್ನೊಂದು, ಪೇಶೆಂಟ್ ಸ್ಯಾಟಿಸ್ಫ್ಯಾಕ್ಷನ್ ಮತ್ತೊಂದು, ಹಿಂಗೆ ಬೇರೆ ಬೇರೆ ಯಾಕೆ? ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ನರ್ಸಿಂಗ್ ಸಂಶೋಧಕಿ ಲಿಂಡಾ ಐಕನ್ ತಂಡ 168 ಆಸ್ಪತ್ರೆಗಳ ಲೆಕ್ಕ ತೆಗೆದು 2002ರಲ್ಲಿ ಬರೆದಿದ್ದು ಇದು: ಒಬ್ಬ ನರ್ಸ್‌ಗೆ ಒಂದು ಪೇಶೆಂಟ್ ಜಾಸ್ತಿ ಆದ್ರೆ ಸರ್ಜರಿ ಆದವ್ರು 30 ದಿನದೊಳಗೆ ಸಾಯೋ ಸಾಧ್ಯತೆ 7% ಹೆಚ್ಚು, ನರ್ಸ್ ಬರ್ನೌಟ್ ಆಗೋ, ಅಂದ್ರೆ ಕೆಲಸದ ಒತ್ತಡಕ್ಕೆ ಪೂರ್ತಿ ಸೋತು ಹೋಗೋ ಸಾಧ್ಯತೆ 23% ಹೆಚ್ಚು. ನಮ್ಮಲ್ಲಿ ಈ ಲೆಕ್ಕದೊಳಗೆ ನರ್ಸ್, ಪೇಶೆಂಟ್ ಬಿಟ್ಟು ಮೂರನೆಯವ್ರೂ ಇದಾರೆ, ಅವ್ರೇ ಅಟೆಂಡರ್. ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಪ್ರಕಾರ ಟೀಚಿಂಗ್ ಆಸ್ಪತ್ರೆ ಜನರಲ್ ವಾರ್ಡಲ್ಲಿ 3 ಪೇಶೆಂಟ್‌ಗೆ ಒಬ್ರು ನರ್ಸ್ ಇರಬೇಕು, ನೈಟ್ ಡ್ಯೂಟಿ ಮಾಡಿದವ್ರು ಈ ಸಾಲು ಓದಿ ನಕ್ಕಿರ್ತೀರ. ನಾವು ಕಮ್ಮಿ ಇದ್ದಷ್ಟೂ ಬೆಡ್‌ಪ್ಯಾನ್ ಇಡೋದು, ಮಗ್ಗುಲು ತಿರುಗಿಸೋದು, ಡ್ರಿಪ್ ಮುಗೀತಾ ನೋಡೋದು, ಮೂಗಿನ ಟ್ಯೂಬಲ್ಲಿ ಗಂಜಿ ಹಾಕೋದು ಎಲ್ಲಾ ಆ ಸೊಸೆ ತಲೆ ಮೇಲೇ ಬೀಳುತ್ತೆ, ಯಾರೂ ಸರಿಯಾಗಿ ಹೇಳಿಕೊಟ್ಟಿರಲ್ಲ, ಬೆನ್ನು ಹುಣ್ಣಾದ್ರೆ ಬೈಸ್ಕೊಳೋದೂ ಅವ್ಳೇ, ಆಮೇಲೆ ನಾವು ಫಾರಂ ಹಿಡ್ಕೊಂಡು ನಿಮಗೆ ಕಷ್ಟ ಇದೆಯಾ ಅಂತ ಕೇಳೋಕೆ ಹೋಗ್ತೀವಿ.

ಥೀಸಿಸ್ ಟಾಪಿಕ್ ಹುಡುಕ್ತಾ ಇರೋ ಹುಡುಗೀರು ಯಾರಾದ್ರೂ ಇದನ್ನ ಓದ್ತಿದ್ರೆ, ಅಟೆಂಡರ್‌ನ ಮಾತಾಡಿಸಿದ ದಿನ ಆ ಶಿಫ್ಟಲ್ಲಿ ಎಷ್ಟು ಪೇಶೆಂಟ್ ಇದ್ರು, ಸಿಸ್ಟರ್ ಎಷ್ಟು ಜನ ಇದ್ರು ಅಂತ ಅದೇ ಹಾಳೇಲಿ ಬರ್ಕೊಳ್ಳಿ. ಮಾತಾಡ್ಸೋದು ಮಾತ್ರ ಬೆಡ್ ಪಕ್ಕ ಬೇಡ, ಕಾರಿಡಾರಿಗೆ ಕರ್ಕೊಂಡು ಹೋಗಿ, ಅಷ್ಟೊತ್ತು ಪೇಶೆಂಟ್ ಹತ್ರ ಯಾರಾದ್ರೂ ಇರ್ಲಿ.