ಚಿತ್ರಕಾರನ ಸಿನಿಮಾದಲ್ಲಿ ಅವನ ಚಿತ್ರ ಎಷ್ಟು ಕಾಣಬೇಕು?

ಶಿರಸಿ, ಕಾರವಾರದ ಕಡೆ ಕಿರುಚಿತ್ರ ಮಾಡಲು ಹೊರಟವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಉತ್ತರ ಚಿಕ್ಕದು: ಕಮ್ಮಿ ತೋರಿಸಿ, ತಡವಾಗಿ ತೋರಿಸಿ.

ಒಂದು ಶಾಟಿನಲ್ಲಿ ಕಡಲು, ಮರುಶಾಟಿನಲ್ಲಿ ಕ್ಯಾನ್ವಾಸಿನ ಮೇಲೆ ಅದೇ ಕಡಲು. ಹೀಗೆ ಜೋಡಿಸಿದರೆ ನೋಡುವವರು ಎರಡನ್ನೂ ತಾಳೆ ಹಾಕಿ, 'ಹೌದು, ಹಾಗೇ ಇದೆ' ಎಂದು ಸುಮ್ಮನಾಗುತ್ತಾರೆ. ಕಲಾವಿದ ಏನನ್ನು ಬಿಟ್ಟ, ಏನನ್ನು ಹಿಗ್ಗಿಸಿದ ಎನ್ನುವುದು ಕಣ್ಣಿಗೆ ಬೀಳುವುದೇ ಇಲ್ಲ.

ರಷ್ಯನ್ ನಿರ್ದೇಶಕ ತಾರ್ಕೊವ್‌ಸ್ಕಿಯ 'ಆಂದ್ರೇ ರುಬ್ಲೆವ್' (1966) ಅದೇ ಹೆಸರಿನ ಹಳೆಗಾಲದ ರಷ್ಯನ್ ಚಿತ್ರಕಾರನ ಕುರಿತದ್ದು; ಸುಮಾರು ಮೂರು ತಾಸು ಕಪ್ಪು-ಬಿಳುಪಿನಲ್ಲೇ ಸಾಗುತ್ತದೆ. ಕೊನೆಗೆ ಕೆಂಡಕ್ಕೆ ಬಣ್ಣ ಬರುತ್ತದೆ, ಅಲ್ಲಿಂದ ರುಬ್ಲೆವ್‌ನ ಕ್ರೈಸ್ತ ಪೂಜಾಚಿತ್ರಗಳಾದ ಐಕನ್‌ಗಳು ತುಣುಕು ತುಣುಕಾಗಿ ತೆರೆ ತುಂಬುತ್ತವೆ. ಅಷ್ಟು ಹೊತ್ತು ಬಣ್ಣಕ್ಕೆ ಉಪವಾಸವಿದ್ದ ಕಣ್ಣು ಅವನ್ನು ನೋಡುವ ಬಗೆಯೇ ಬೇರೆ.

ಅನುಮತಿ ಸಿಗದಿದ್ದರೆ? ಬ್ರಿಟಿಷ್ ಚಿತ್ರಕಾರ ಫ್ರಾನ್ಸಿಸ್ ಬೇಕನ್ ಕುರಿತ 'ಲವ್ ಈಸ್ ದ ಡೆವಿಲ್' (1998) ಚಿತ್ರಕ್ಕೆ ಅವನ ಒಂದು ಪೇಂಟಿಂಗನ್ನೂ ತೋರಿಸಲು ಒಪ್ಪಿಗೆ ಸಿಗಲಿಲ್ಲ. ತಂಡದವರು ಕನ್ನಡಿ, ಗಾಜು, ಆಕಾರ ಕೆಡಿಸುವ ಲೆನ್ಸ್‌ಗಳಿಂದ ನಟರ ಮುಖವನ್ನೇ ಬೇಕನ್ ಚಿತ್ರದ ಹಾಗೆ ತಿರುಚಿದರು. ಒಪ್ಪಿಗೆ ಸಿಗದಿದ್ದದ್ದೇ ಒಳ್ಳೆಯದಾಯಿತು.

ತದ್ವಿರುದ್ಧ ದಾರಿ ಚಿತ್ರಕಾರ ವಿನ್ಸೆಂಟ್ ವ್ಯಾನ್ ಗೋ ಕುರಿತ 'ಲವಿಂಗ್ ವಿನ್ಸೆಂಟ್' (2017) ಚಿತ್ರದ್ದು. ಇಡೀ ಸಿನಿಮಾ ಕೈಯಿಂದ ಬರೆದ ಚಿತ್ರಗಳದ್ದೇ: ಸುಮಾರು 125 ಕಲಾವಿದರು, ಹತ್ತಿರಹತ್ತಿರ 65,000 ತೈಲಚಿತ್ರ ಫ್ರೇಮುಗಳು, ಸೆಕೆಂಡಿಗೆ 12. ದುಡಿಮೆಗೆ ಕೈಮುಗಿಯಬೇಕು. ಆದರೆ ಅರ್ಧ ತಾಸಿನಲ್ಲಿ ಕಣ್ಣು ಒಗ್ಗಿಕೊಂಡು, ಕುಂಚದ ಹೊಡೆತ ವಾಲ್‌ಪೇಪರಿನಂತಾಗುತ್ತದೆ.

ನಮ್ಮಲ್ಲಿಯೇ ಮಾಡುವುದಾದರೆ ಕಾವಿ ಕಲೆ ಇದೆ. ಶಿರಸಿಯ ಮಾರಿಕಾಂಬಾ ದೇವಸ್ಥಾನದ ಗೋಡೆಗಳನ್ನು ನೋಡಿದವರಿಗೆ ಗೊತ್ತು. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಪದರ ಬಳಿದು, ಹಸಿಯಿರುವಾಗಲೇ ಮೊನೆಯಿಂದ ಕೆರೆದು ಅಡಿಯ ಬಿಳಿಯನ್ನು ಹೊರಗೆ ತರುತ್ತಾರೆ. ಇಲ್ಲಿ ಚಿತ್ರ ಹುಟ್ಟುವುದು ಬಣ್ಣ ತೆಗೆಯುವುದರಿಂದ. ಸಿನಿಮಾಕ್ಕೆ ಇದಕ್ಕಿಂತ ಎಂತ ಬೇಕು!

ಚಿತ್ರೀಕರಣಕ್ಕೆ ಕಸುಬು ಬಲ್ಲವರಿಂದ ಹಲಗೆಯ ಮೇಲೆ ಗಾರೆ ಹಾಕಿಸಿ. ಎರಡು ಹಲಗೆ ಇರಲಿ, ಒಣಗಿದ ಮೇಲೆ ಕೆರೆದರೆ ಗೆರೆಯ ಅಂಚು ಉದುರುತ್ತದೆ, ರೀಟೇಕ್ ಇಲ್ಲ. ಹಾಗಾಗಿ ಕೈ, ಮೊನೆ, ಉದುರುವ ಕೆಂಪು ಪುಡಿಯ ಕ್ಲೋಸಪ್ ಮೊದಲು ತೆಗೆಯಿರಿ. ದೀಪ ಎದುರಿಗಿಟ್ಟರೆ ಗೆರೆಯ ಆಳ ಮಾಯವಾಗಿ ಕ್ಯಾಲೆಂಡರ್ ಚಿತ್ರದಂತೆ ಕಾಣುತ್ತದೆ. ಬದಿಗೆ ಸರಿಸಿ, ಬೆಳಕು ಮೇಲ್ಮೈಯನ್ನು ಸವರಿಕೊಂಡು ಹೋಗುವಂತೆ ಇಡಿ, ಗೆರೆಗೆರೆಗೂ ನೆರಳು ಬರುತ್ತದೆ. ಫ್ರೇಮ್ ತುಂಬ ಕೆಂಪಿದ್ದಾಗ ಕ್ಯಾಮೆರಾ ತಾನಾಗಿ ಬಣ್ಣ ಹೊಂದಿಸುವ ಆಟೊ ವೈಟ್ ಬ್ಯಾಲೆನ್ಸ್ ಅದನ್ನು ತಗ್ಗಿಸಲು ಹೋಗಿ ಕಾವಿಯನ್ನು ಮಂಕು ಮಾಡಿಬಿಡುತ್ತದೆ. ಅದೇ ಬೆಳಕಿನಲ್ಲಿ ಬಿಳಿ ಕಾಗದ ಹಿಡಿದು ಸೆಟ್ ಮಾಡಿ, ಲಾಕ್ ಮಾಡಿ.

ಕೆರೆಯುವ ಸದ್ದನ್ನು ಬೇರೆ ಮೈಕಿನಲ್ಲಿ ಹತ್ತಿರದಿಂದ ಹಿಡಿಯಿರಿ. ಮುಗಿದ ಚಿತ್ರದ ಪೂರ್ತಿ ಶಾಟ್ ಒಂದೇ ಸಾಕು; ಅದನ್ನು ಆ ಸದ್ದು ನಿಂತ ಮೇಲೆ ಹಾಕಿ.