ಕಣ್ಣಿಗೂ ಸ್ಕ್ರೀನಿಗೂ ನಡುವೆ 26 ಇಂಚು

ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್‌ನಲ್ಲಿ, ಅಂದರೆ ಕಾಫಿ ಬೀಜದ ಸಿಪ್ಪೆ ತೆಗೆದು ವಿಂಗಡಿಸುವ ಕಡೆ, ನಾನು ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಡಿಸೆಂಬರ್ ಬಂದರೆ ತೋಟಗಳಿಂದ ಲೋಡು ಬರಲು ಶುರು. ಆಮೇಲೆ ಮಾರ್ಚ್‌ವರೆಗೆ ತೂಕದ ಚೀಟಿ ನೋಡುವುದು, ಕಂಪ್ಯೂಟರಿಗೆ ಹಾಕುವುದು, ಮತ್ತೆ ಚೀಟಿ ನೋಡುವುದು, ದಿನಕ್ಕೆ ಒಂಬತ್ತು ಗಂಟೆ ಇದೇ.

ಎರಡು ವರ್ಷದ ಹಿಂದಿನ ಸೀಸನ್‌ನಲ್ಲಿ ಮಧ್ಯಾಹ್ನ ಮೂರಾಗುತ್ತಿದ್ದಂತೆ ಕಣ್ಣುರಿ, ಹುಬ್ಬಿನ ಮೇಲೆ ನೋವು, ರೆಪ್ಪೆಯೊಳಗೆ ಮರಳು ಬಿದ್ದ ಹಾಗೆ. ಕೆಲಸ ಜಾಸ್ತಿ, ಅದಕ್ಕೇ ಇರಬೇಕು ಅಂದುಕೊಂಡೆ. ಒಂದು ದಿನ ಬೆಳೆಗಾರರೊಬ್ಬರು ಚೀಟಿ ಹಿಡಿದು ಬಂದರು. "ನೋಡಮ್ಮ, ನಾನು ಕಳಿಸಿದ್ದು 68 ಚೀಲ, ಇಲ್ಲಿ 63 ಅಂತ ಇದೆಯಲ್ಲ." ಚೀಲಕ್ಕೆ 50 ಕೆಜಿ ಅಂದರೂ 250 ಕೆಜಿ. ಅವರ ವರ್ಷದ ದುಡಿಮೆ ಅದು. ತಕ್ಷಣ ಸರಿ ಮಾಡಿದೆ, ಆದರೆ ರಾತ್ರಿ ನಿದ್ದೆ ಹತ್ತಲಿಲ್ಲ.

ಕಣ್ಣಿನ ಡಾಕ್ಟರು ಮೊದಲು ಕೇಳಿದ್ದು, "ನಿಮ್ಮ ಕಂಪ್ಯೂಟರ್ ಎಷ್ಟು ದೂರ ಇಟ್ಕೊಂಡಿದ್ದೀರಿ?" ನನಗೆ ಗೊತ್ತೇ ಇರಲಿಲ್ಲ. ಮರುದಿನ ಹೊಲಿಗೆ ಟೇಪು ತಂದು ಅಳೆದೆ. 26 ಇಂಚು.

ನನಗೆ ಚಾಳೀಸು ಬಂದು ಮೂರು ವರ್ಷವಾಗಿತ್ತು. ನಲವತ್ತರ ಆಸುಪಾಸಿನಲ್ಲಿ ಕಣ್ಣೊಳಗಿನ ಲೆನ್ಸ್ ಗಡುಸಾಗಿ ಹತ್ತಿರದ ಅಕ್ಷರ ಮಸುಕಾಗುತ್ತದೆ, ಅದಕ್ಕೆ ಓದುವ ಕನ್ನಡಕ ಕೊಡುತ್ತಾರೆ. ಆದರೆ ಆ ಪವರ್ ಪುಸ್ತಕ ಹಿಡಿಯುವ ದೂರಕ್ಕೆ, ಅಂದರೆ ಸುಮಾರು 16 ಇಂಚಿಗೆ ಮಾಡಿದ್ದು. 26 ಇಂಚಿನ ಸ್ಕ್ರೀನಿಗೆ ಅದು ಹೊಂದುವುದಿಲ್ಲ. ಗೊತ್ತಿಲ್ಲದೆಯೇ ನಾನು ದಿನವೆಲ್ಲ ಕತ್ತು ಮುಂದೆ ಚಾಚಿ ಕೂರುತ್ತಿದ್ದೆ, ಕುತ್ತಿಗೆ ನೋವಿಗೆ ಕುರ್ಚಿಯನ್ನು ಬೈಯುತ್ತಿದ್ದೆ. ಅಳತೆ ಹೇಳಿದ ಮೇಲೆ ಡಾಕ್ಟರು ಕಂಪ್ಯೂಟರಿಗೆಂದೇ ಬೇರೆ ಪವರ್ ಬರೆದುಕೊಟ್ಟರು. ನಿಜವಾಗಿ ನನ್ನನ್ನು ಉಳಿಸಿದ್ದು ಇದೇ. ಕನ್ನಡಕ ಮಾಡಿಸುವ ಮುಂಚೆ ದಯವಿಟ್ಟು ಟೇಪು ಹಿಡಿದು ಅಳೆದುಕೊಂಡು ಹೋಗಿ.

ಅಂಗಡಿಯವರು ನೀಲಿ ಬೆಳಕು ತಡೆಯುವ ಗಾಜು ಹಾಕಿಸಿ ಅಂತಾರೆ. ನಾನು ಹಾಕಿಸಲಿಲ್ಲ. 2023ರಲ್ಲಿ, ವೈದ್ಯಕೀಯ ಸಂಶೋಧನೆಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯವರು 17 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದಾಗ, ಆ ಗಾಜಿನಿಂದ ಕಣ್ಣಿನ ಆಯಾಸ ಕಡಿಮೆಯಾದದ್ದು ಕಾಣಲಿಲ್ಲ.

ಉರಿಗೆ ಕಾರಣ ಬೇರೆ. ಸುಮ್ನೆ ಇದ್ದಾಗ ನಿಮಿಷಕ್ಕೆ ಸುಮಾರು 15 ಸಲ ರೆಪ್ಪೆ ಬಡಿಯುತ್ತೇವೆ, ಸ್ಕ್ರೀನ್ ನೋಡುವಾಗ ಅದು ಅರ್ಧಕ್ಕಿಂತ ಕಡಿಮೆಯಾಗುತ್ತದೆ, ಕಣ್ಣು ಒಣಗುತ್ತದೆ. ಅದರ ಮೇಲೆ ನನ್ನ ಫ್ಯಾನ್ ಗಾಳಿ ನೇರ ಮುಖಕ್ಕೆ ಬೀಸುತ್ತಿತ್ತು. ಫ್ಯಾನ್ ತಿರುಗಿಸಿದೆ. ಈಗ ಪ್ರತಿ ಎಂಟ್ರಿ ಮುಗಿದಾಗ ಒಂದು ಸಲ ಕಣ್ಣನ್ನು ಪೂರ್ತಿ ಮುಚ್ಚಿ ತೆಗೆಯುತ್ತೇನೆ.

ಚೀಟಿಗಳನ್ನು ಮೇಜಿನ ಮೇಲೆ ಇಡುತ್ತಿಲ್ಲ, ಸ್ಕ್ರೀನಿನ ಪಕ್ಕದಲ್ಲೇ ಕ್ಲಿಪ್ ಸ್ಟ್ಯಾಂಡಿಗೆ ಸಿಕ್ಕಿಸುತ್ತೇನೆ. ಎರಡೂ ಒಂದೇ ದೂರದಲ್ಲಿದ್ದರೆ ಕಣ್ಣು ಪದೇ ಪದೇ ಹೊಂದಿಸಿಕೊಳ್ಳಬೇಕಿಲ್ಲ, ಅಲ್ವಾ? 20 ನಿಮಿಷಕ್ಕೊಮ್ಮೆ 20 ಅಡಿ ಆಚೆ 20 ಸೆಕೆಂಡ್ ನೋಡಿ ಅಂತಾರೆ. ನಮ್ಮ ಕಿಟಕಿಯಿಂದ ಮುಳ್ಳಯ್ಯನಗಿರಿ ಸಾಲು ಕಾಣುತ್ತದೆ, ಅದನ್ನೇ ನೋಡುತ್ತೇನೆ. ಮಂಜು ಕವಿದ ದಿನ ಗೇಟಿನ ಹತ್ತಿರದ ಸಿಲ್ವರ್ ಮರವೇ ಸಾಕು.

ಮೊನ್ನೆ ಹೊಸದಾಗಿ ಸೇರಿದ ಹುಡುಗಿ "ಅಕ್ಕಾ, ಸಂಜೆ ಆದ್ರೆ ತಲೆನೋವು" ಅಂದಳು. ಟೇಪು ತೆಗೆದು ಅಳೆದೆ. ಲ್ಯಾಪ್‌ಟಾಪ್ 13 ಇಂಚಿನಲ್ಲಿದೆ, ದೂರ ಇಟ್ಟರೆ ಕೈ ಎಟುಕುವುದಿಲ್ಲ. ಅವಳಿಗೆ ಬೇರೆ ಕೀಬೋರ್ಡ್ ಕೊಡಿಸಿ ಅಂತ ಮ್ಯಾನೇಜರ್‌ಗೆ ಹೇಳಿದ್ದೇನೆ. ಸೋಮವಾರದೊಳಗೆ ಬರದಿದ್ದರೆ ಮತ್ತೆ ಹೋಗಿ ಕೇಳುತ್ತೇನೆ.